ಫೋನಿನ ದನಿಗೂ ಸುಳ್ಳು ಹೇಳದ ರಿವರ್ಸಕ್ಕ

ಬೆಳಗಿನ ಬೆಳಕು ಇನ್ನೂ ಕಿಟಕಿಯ ಸರಳುಗಳ ಮಟ್ಟಕ್ಕೆ ಬಂದಿಲ್ಲ. ನೆಲಮಹಡಿಯ ಉದ್ದನೆಯ ಕೋಣೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟು ಉರಿಯುತ್ತಿದೆ. ಅದರ ಕೆಳಗೆ, ಕಾಲು ಕುಂಟುವ ಸ್ಟೂಲಿನ ಮೇಲೆ ಕುಳಿತ ನಡುವಯಸ್ಸಿನ ಹೆಂಗಸೊಬ್ಬರು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕಂಪ್ಯೂಟರಿನ ಪರದೆ ತೋರಿಸುವ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದಾರೆ. ಆಚೆ ಕಡೆ ಇರುವುದು ಮನುಷ್ಯರಲ್ಲ, ಸಾಫ್ಟ್‌ವೇರ್ ಕಂಪನಿಯ ಯಂತ್ರದ ದನಿ. ಆದರೂ ಇವರು ಪಕ್ಕದ ಮನೆಯವರ ಜೊತೆ ಮಾತಾಡುವ ಹಾಗೇ ಮಾತಾಡುತ್ತಾರೆ. "ಏಳು ಕಣಮ್ಮ, ಏಳು. ಇನ್ನೊಂದು ಸಲ ಹೇಳ್ಲಾ? ಏಳು."

ಗೋಡೆಬದಿಯ ಬೆಂಚಿನ ಮೇಲೆ ಪ್ರೂಫ್ ಮೇಷ್ಟ್ರು ಕುಳಿತಿದ್ದಾರೆ. ಅವರಿಗೆ ಹುಟ್ಟಿನಿಂದ ಕಣ್ಣು ಕಾಣದು. ಇಲ್ಲಿ ಅಚ್ಚಾಗುವ ಪ್ರತಿಯೊಂದು ಪುಟವನ್ನೂ ಬೆರಳಿನಿಂದ ಓದಿ ತಪ್ಪು ಹಿಡಿಯುವುದು ಅವರ ಕೆಲಸ. ಅವರ ಬಲಗೈ ಪಕ್ಕದಲ್ಲಿ ಸುಮ್ಮನೆ ನಿಂತಿರುವ ಯಂತ್ರದ ಮರದ ಗೂಡಿನ ಮೇಲಿದೆ. "ಅದು ನಿನ್ನ ಮಾತು ಕೇಳ್ತಾ ಇದೆಯೋ, ಇಲ್ಲ ಕಾಫಿ ಕುಡಿಯೋಕೆ ಹೋಗಿದೆಯೋ?" ಎಂದು ಅವರು ಕೆಣಕುತ್ತಾರೆ.

ಅಂಕಿಗಳೆಲ್ಲ ಮುಗಿದ ಮೇಲೆ ದನಿ ಕೊನೆಯ ಪ್ರಶ್ನೆ ಕೇಳುತ್ತದೆ: ಈ ಸಾಫ್ಟ್‌ವೇರಿನ ಪ್ರತಿಯನ್ನು ಎಷ್ಟು ಕಂಪ್ಯೂಟರುಗಳಿಗೆ ಹಾಕಿದ್ದೀರಿ? ಒಂದು ಎಂದು ಒತ್ತಿದರೆ ಆ ಕ್ಷಣವೇ ಬೀಗ ತೆಗೆಯುವ ಸಂಖ್ಯೆ ಸಿಗುತ್ತದೆ, ಕೆಲಸ ಮುಗಿಯುತ್ತದೆ. ಈ ಕಸುಬಿನಲ್ಲಿ ಇರುವವರೆಲ್ಲ ಕಣ್ಣು ಮುಚ್ಚಿಕೊಂಡು ಒಂದನ್ನೇ ಒತ್ತುತ್ತಾರೆ. ಇವರು ನಾಲ್ಕನ್ನು ಒತ್ತುತ್ತಾರೆ. ಒಡನೆ ದನಿ ಕಾಯಲು ಹೇಳಿ ಮಾಯವಾಗಿ, ಕೇಳಿ ಕೇಳಿ ಸವೆದುಹೋದ ಸಂಗೀತ ಶುರುವಾಗುತ್ತದೆ. ಇನ್ನು ಯಾರಾದರೂ ಮನುಷ್ಯರು ಎತ್ತಿಕೊಳ್ಳುವ ತನಕ ಕಾಯಬೇಕು. ಇಷ್ಟು ಬೆಳಿಗ್ಗೆಯೇ ಬಂದು ಕೂರುವುದೂ ಅದಕ್ಕೇ. ಕಚೇರಿಗಳೆಲ್ಲ ತೆರೆದ ಮೇಲೆ ಈ ಸಾಲು ಮುಗಿಯುವುದೇ ಇಲ್ಲ.

ಇದು ಕಣ್ಣು ಕಾಣದ ಮಕ್ಕಳಿಗಾಗಿ ಬ್ರೈಲ್ ಪುಸ್ತಕ ಅಚ್ಚು ಹಾಕುವ ಮುದ್ರಣಾಲಯ. ಈ ಹೆಂಗಸು ಇಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಗುತ್ತಿಗೆ ನೌಕರರು. ಹಾಜರಿಪಟ್ಟಿಯಲ್ಲಿ ಅವರಿಗೊಂದು ಹೆಸರಿದೆ, ಆದರೆ ಅದನ್ನು ಕರೆದವರಿಲ್ಲ. ಎಲ್ಲರಿಗೂ ಅವರು ರಿವರ್ಸಕ್ಕ. ಊರಿನವರೆಲ್ಲ ಹಳೆಯ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸಿಕೊಳ್ಳಲು ಓಡಾಡುತ್ತಿದ್ದರೆ, ಇವರು ಹೊಸ ಕಂಪ್ಯೂಟರನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ಅದರಲ್ಲಿರುವುದನ್ನು ಅಳಿಸಿ ಹಳೆಯದನ್ನು ಹಾಕುತ್ತಾರೆ. ಮೇಲಿನ ಮಹಡಿಯ ಗುಮಾಸ್ತರು ತಮಾಷೆಗೆ ಇಟ್ಟ ಹೆಸರು ಗೇಟಿನ ಕಾವಲುಗಾರನವರೆಗೂ ಇಳಿದಿದೆ. ಅವರಿಗೆ ಬೇಸರವಿಲ್ಲ. "ಗಾಡಿ ಅಂದ್ಮೇಲೆ ರಿವರ್ಸ್ ಗೇರೂ ಇರ್ಲೇಬೇಕಲ್ವಾ" ಎನ್ನುತ್ತಾರೆ.

ಅವರು ಹೀಗೆ ಹಿಂದಕ್ಕೆ ಹೋಗುವುದು ಖಯಾಲಿಗೆ ಅಲ್ಲ. ಕೋಣೆಯಲ್ಲಿ ನಾಲ್ಕು ಚುಕ್ಕಿ ಯಂತ್ರಗಳಿವೆ. ದಪ್ಪ ಕಾಗದದ ಮೇಲೆ ಉಬ್ಬು ಚುಕ್ಕಿ ಒತ್ತುವ ಭಾರದ ಯಂತ್ರಗಳು. ಓಡುವಾಗ ಕಿವಿ ಗಡಚಿಕ್ಕುತ್ತದೆಂದು ಒಂದೊಂದಕ್ಕೂ ಮರದ ಗೂಡು ಮಾಡಿಸಿದ್ದಾರೆ. ಒಂದೊಂದಕ್ಕೂ ಒಂದೊಂದು ಕಂಪ್ಯೂಟರು ಜೊತೆ. ಈ ಯಂತ್ರಗಳನ್ನು ತಯಾರಿಸಿದವರು ಎಂದೋ ಅಂಗಡಿ ಮುಚ್ಚಿಕೊಂಡು ಹೋದರು. ಹಳೆಯ ಆಪರೇಟಿಂಗ್ ಸಿಸ್ಟಂ ಇದ್ದರೆ ಮಾತ್ರ ಇವು ಕೆಲಸ ಮಾಡುತ್ತವೆ. ಹೊಸದಕ್ಕೆ ಜೋಡಿಸಿದರೆ ಸತ್ತ ಹಾಗೆ ಬಿದ್ದಿರುತ್ತವೆ. ಹೊಸ ಚುಕ್ಕಿ ಯಂತ್ರ ಕೊಡಿಸಿ ಎಂದು ಎಷ್ಟು ಸಲ ಕೇಳಿದರೂ ಮೇಲಿನಿಂದ ಬರುವ ಉತ್ತರ ಒಂದೇ, "ನೋಡೋಣ". ಆ ನೋಡೋಣದಲ್ಲೇ ಮೂವರು ವ್ಯವಸ್ಥಾಪಕರು ಬಂದು ಹೋಗಿದ್ದಾರೆ.

ಹೊಸದನ್ನು ಕೊಂಡು ಹಳೆಯದನ್ನು ಹಾಕಿಕೊಳ್ಳಲು ಲೈಸೆನ್ಸಿನಲ್ಲೇ ಅವಕಾಶವಿದೆ. ಅದಕ್ಕೆ ಡೌನ್‌ಗ್ರೇಡ್ ಹಕ್ಕು ಎನ್ನುತ್ತಾರೆ. ರಿವರ್ಸಕ್ಕನ ಗಂಡ ಟೈಲರ್. ಅಂಗಡಿಗೆ ಬಂದ ಗಿರಾಕಿಗಳಿಗೆ ಹೆಂಡತಿಯ ಕೆಲಸವನ್ನು ಅವರು ತಮ್ಮ ಕತ್ತರಿಯ ಭಾಷೆಯಲ್ಲೇ ವಿವರಿಸುತ್ತಾರೆ. "ದೊಡ್ಡ ಅಳತೆ ಅಂಗಿ ತಗೊಂಡಿದೀರಿ ಅಂದ್ಕೊಳ್ಳಿ. ದುಡ್ಡು ಕೊಟ್ಟಾಗಿದೆ, ಅಂಗಿ ನಿಮ್ದು. ಮೈಗೆ ಸರಿಯಾಗಿ ಚಿಕ್ಕದು ಮಾಡಿಸ್ಕೋತೀರಿ. ಅದಕ್ಕೆ ಯಾರಾದ್ರೂ ಕಳ್ಳ ಅಂತಾರಾ? ನಮ್ಮವಳು ಮಾಡೋದೂ ಅಷ್ಟೇ."

ಇದರಲ್ಲಿ ಎರಡು ತೊಡಕುಗಳಿವೆ. ಈ ಹಕ್ಕು ಸಿಗುವುದು ಕಚೇರಿ ಬಳಕೆಗೆಂದು ಮಾರುವ ದುಬಾರಿ ಬಗೆಯ ಕಂಪ್ಯೂಟರಿಗೆ ಮಾತ್ರ, ಅದನ್ನು ಪ್ರೊಫೆಷನಲ್ ಎನ್ನುತ್ತಾರೆ. ಮನೆ ಬಳಕೆಯ ಅಗ್ಗದ ಹೋಮ್ ಬಗೆಗೆ ಇಲ್ಲ. ಹಿಂಬದಿಯ ಚೀಟಿ ಬಿಟ್ಟರೆ ಹೊರಗಿನಿಂದ ಎರಡೂ ಒಂದೇ ಥರ. ಇನ್ನೊಂದು ತೊಡಕು ಸಿಡಿಯದ್ದು. ಮುದ್ರಣಾಲಯದಲ್ಲಿ ಹಳೆಯ ಸಿಸ್ಟಮ್ಮಿನ ಅಸಲಿ ಸಿಡಿ ಇರುವುದು ಒಂದೇ. ಹಕ್ಕು ಬರುವುದು ಹೊಸ ಕಂಪ್ಯೂಟರಿನಿಂದ, ಸಿಡಿ ಬರೀ ಹಾಕುವ ಸಾಧನ, ಹಾಗಾಗಿ ಅದನ್ನೇ ನಾಲ್ಕಕ್ಕೂ ಬಳಸಬಹುದು. ಆದರೆ ಒಮ್ಮೆ ಬಳಸಿದ ಸಿಡಿಯ ಸಂಖ್ಯೆಯನ್ನು ಕಂಪ್ಯೂಟರು ತಾನಾಗಿ ಒಪ್ಪುವುದಿಲ್ಲ. ಪ್ರತಿ ಸಲವೂ ಫೋನು ಮಾಡಿ ಒಪ್ಪಿಸಬೇಕು. ಹಕ್ಕು ಕೊಟ್ಟವರೇ ಆ ಹಕ್ಕನ್ನು ಕೇಳುವುದಕ್ಕೆ ಒಂದು ಗುಂಡಿಯನ್ನೂ ಇಟ್ಟಿಲ್ಲ. ಒಂದೋ ಸುಳ್ಳು ಹೇಳಿ ಬೇಗ ಮುಗಿಸಿಕೊಳ್ಳಬೇಕು, ಇಲ್ಲವೇ ನಿಜ ಹೇಳಿ ಸಂಗೀತ ಕೇಳುತ್ತ ಕೂರಬೇಕು.

"ಒಂದು ಅಂತ ಒತ್ತು ಅಂತ ಎಲ್ರೂ ಹೇಳ್ಕೊಟ್ರು" ಎನ್ನುತ್ತಾರೆ ರಿವರ್ಸಕ್ಕ, ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸುತ್ತ. "ಯಾಕೆ ಒತ್ಲಿ ಹೇಳಿ? ನಮ್ದೇ ಹಕ್ಕನ್ನ ನಾವೇ ಕದ್ದು ತಗೊಂಡ ಹಾಗಾಗಲ್ವಾ?"

ಈ ನಿಜಕ್ಕೆ ಅವರು ತೆತ್ತಿದ್ದನ್ನು ಕೇಳಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಹಿಂದಿನ ವರ್ಷ ಒಂದು ದಿನ ಕೊರಳಿಗೆ ಗುರುತಿನ ಪಟ್ಟಿ ನೇತುಹಾಕಿಕೊಂಡ ಇಬ್ಬರು ತಪಾಸಣೆಯವರು ಬಂದರು. ಕಚೇರಿಗಳಲ್ಲಿ ಕಳ್ಳ ಸಾಫ್ಟ್‌ವೇರು ಹುಡುಕುವುದು ಅವರ ಕೆಲಸ. "ಒಂದು ಪ್ರತಿ, ನಾಲ್ಕು ಕಂಪ್ಯೂಟರ್. ಫೋನಲ್ಲಿ ಹೇಳಿದ್ದು ನಿಮ್ಮ ಕಡೆಯವರೇ" ಎಂದರು. ಅಂದರೆ ಒಂದು ಎಂದು ಸುಳ್ಳು ಒತ್ತಿದವರ ಕಚೇರಿಗೆ ಯಾರೂ ಹೋಗಲಿಲ್ಲ. ನಾಲ್ಕು ಎಂದು ನಿಜ ಒತ್ತಿದವರ ಬಾಗಿಲು ಬಡಿದರು. ಡೌನ್‌ಗ್ರೇಡ್ ಹಕ್ಕಿನ ಬಗ್ಗೆ ರಿವರ್ಸಕ್ಕ ಹೇಳಹೊರಟರೆ ಅವರು ಕೈ ಎತ್ತಿ ತಡೆದರು. "ನಿಯಮ ನಮಗೂ ಗೊತ್ತು ಮೇಡಂ. ನಿಮ್ಮ ಹತ್ರ ಹಕ್ಕಿದೆ ಅಂತ ಸಾಬೀತು ಮಾಡೋದು ನಿಮ್ಮ ಕೆಲಸ."

ಹಿಂಬದಿಯ ಚೀಟಿಯನ್ನು ಯಾರು ಬೇಕಾದರೂ ಅಂಟಿಸಬಹುದು, ಅದು ನಡೆಯದು ಎಂದರು. ಸಾಬೀತು ಮಾಡಲು ಉಳಿದಿದ್ದು ಒಂದೇ ದಾರಿ. ಹಾಕಿದ್ದನ್ನೆಲ್ಲ ಅಳಿಸಿ, ಕಂಪ್ಯೂಟರು ಅಂಗಡಿಯಿಂದ ಬಂದಾಗ ಇದ್ದ ಹೊಸ ಸಿಸ್ಟಮ್ಮನ್ನು ಮತ್ತೆ ಹಾಕಬೇಕು. ಆಗ ತಾನು ಯಾವ ಬಗೆಯದು ಎಂದು ಕಂಪ್ಯೂಟರೇ ಹೇಳುತ್ತದೆ. ತಪಾಸಣೆಯವರು ಕುರ್ಚಿ ಎಳೆದುಕೊಂಡು ಕುಳಿತರು. ರಿವರ್ಸಕ್ಕ ನಿಂತುಕೊಂಡೇ ತಮ್ಮ ಕೆಲಸವನ್ನು ತಾವೇ ಕಿತ್ತುಹಾಕಿದರು. ಮೊದಲನೆಯದು ಪ್ರೊಫೆಷನಲ್ ಎಂದು ತೋರಿಸಿತು. ಎರಡನೆಯದು, ಮೂರನೆಯದು ಕೂಡ. ತಪಾಸಣೆಯವರು ಗುರುತು ಹಾಕಿಕೊಂಡರು.

ನಾಲ್ಕನೆಯದು ಹೋಮ್ ಎಂದಿತು.

ಅದು ದಾನವಾಗಿ ಬಂದಿದ್ದ ಕಂಪ್ಯೂಟರು. ಯಾರೋ ವ್ಯಾಪಾರಿ ಕೊಟ್ಟಿದ್ದರು, ವ್ಯವಸ್ಥಾಪಕರು ಅದನ್ನು ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡಿದ್ದರು. ಬಣ್ಣ, ಆಕಾರ, ಮುಚ್ಚಳ ಎಲ್ಲ ಉಳಿದ ಮೂರರ ಹಾಗೇ ಇತ್ತು. ಹಿಂಬದಿಯ ಚೀಟಿಯಲ್ಲಿ ಬಗೆ ಬರೆದಿರುತ್ತದೆ, ಕಂಪ್ಯೂಟರು ಬಂದ ದಿನ ರಿವರ್ಸಕ್ಕ ಅದನ್ನು ತಿರುಗಿಸಿ ನೋಡಿರಲಿಲ್ಲ. "ಇದು ತಪ್ಪಾಗಿದೆ. ನಾನು ನೋಡ್ಬೇಕಿತ್ತು, ನೋಡ್ಲಿಲ್ಲ" ಎಂದು ಅಲ್ಲೇ ಹೇಳಿಬಿಟ್ಟರು. ಬಾಗಿಲಲ್ಲಿ ನಿಂತಿದ್ದ ವ್ಯವಸ್ಥಾಪಕರು ಆಗ ಬಾಯಿ ಬಿಟ್ಟರು. "ಇದೆಲ್ಲ ನಮ್ಮ ಗಮನಕ್ಕೇ ಬಂದಿಲ್ಲ ನೋಡಿ. ಗುತ್ತಿಗೆಯವರು, ಅವರಷ್ಟಕ್ಕೆ ಅವರು ಏನೇನೋ ಮಾಡ್ಕೊಂಡಿದಾರೆ." ಫೋಟೋ ತೆಗೆಸಿಕೊಂಡ ಕೈಯನ್ನು ಅಷ್ಟು ಚೆನ್ನಾಗಿ ತೊಳೆದುಕೊಂಡವರನ್ನು ನೋಡಿಲ್ಲ ಎಂದು ಪ್ರೂಫ್ ಮೇಷ್ಟ್ರು ಇವತ್ತಿಗೂ ಹೇಳುತ್ತಾರೆ, ನೋಡುವ ಮಾತು ತಮ್ಮ ಬಾಯಲ್ಲಿ ಬಂತೆಂದು ತಾವೇ ನಗುತ್ತಾರೆ.

ಸರಿಯಿದ್ದ ಮೂರನ್ನೂ ತಪ್ಪಿದ್ದ ಒಂದನ್ನೂ ಸೇರಿಸಿ ನಾಲ್ಕಕ್ಕೂ ಮೊಹರು ಬಿತ್ತು. ವಿಚಾರಣೆ ಮುಗಿಯುವ ತನಕ ರಿವರ್ಸಕ್ಕ ಒಳಗೆ ಕಾಲಿಡಬಾರದು ಎಂದರು. ಎಷ್ಟೋ ವರ್ಷ ಅವರು ತೆರೆಸಿಕೊಂಡು ಬಂದಿದ್ದ ಗೇಟನ್ನು ಕಾವಲುಗಾರ ಅವರ ಮುಖ ನೋಡಲಾಗದೆ ಮುಚ್ಚಿದ. ಸುದ್ದಿ ಅವರಿಗಿಂತ ಮೊದಲೇ ಮನೆ ಸೇರಿತ್ತು. ನಲ್ಲಿಯ ಹತ್ತಿರ ಯಾರೋ "ನಿಮ್ಮ ಸೊಸೆ ಆಫೀಸಲ್ಲಿ ಏನೋ ಕದ್ದಳಂತೆ" ಎಂದಾಗ ಅತ್ತೆ ಕೊಡ ಕೆಳಗಿಟ್ಟರು. "ಕದಿಯೋ ಬುದ್ಧಿ ಇದ್ದಿದ್ರೆ ಇಷ್ಟು ಹೊತ್ತಿಗೆ ನಮ್ಮನೇಲೂ ಒಂದು ಕಂಪ್ಯೂಟರ್ ಇರ್ತಿತ್ತು ಕಣೇ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದರು. ಆ ರಾತ್ರಿ ಸೊಸೆಗೆ ಊಟ ಬಡಿಸುವಾಗ ಇನ್ನೊಂದು ಸೌಟು ಜಾಸ್ತಿ ಹಾಕಿದರಂತೆ.

ಇಷ್ಟಕ್ಕೇ ನಿಂತಿದ್ದರೂ ಸಹಿಸಿಕೊಳ್ಳಬಹುದಿತ್ತು. ಬ್ರೈಲ್ ಪುಸ್ತಕವನ್ನು ಯಾವಾಗಲೂ ನಿಲ್ಲಿಸಿಯೇ ಇಡಬೇಕು. ಒಂದರ ಮೇಲೊಂದು ಮಲಗಿಸಿ ಭಾರ ಹೇರಿದರೆ ಉಬ್ಬು ಚುಕ್ಕಿಗಳು ಮಟ್ಟಸವಾಗಿ, ಓದಲು ಏನೂ ಉಳಿಯುವುದಿಲ್ಲ. ಇದು ಆ ಕೋಣೆಯ ಕಸ ಗುಡಿಸುವವರಿಗೂ ಗೊತ್ತು. ಮೊಹರು ಹಾಕಿದ ಕಂಪ್ಯೂಟರುಗಳನ್ನು ಇಡಲು ತಪಾಸಣೆಯವರಿಗೆ ಒಂದು ಜಾಗ ಬೇಕಿತ್ತು. ಉಗ್ರಾಣದಲ್ಲಿ, ಶಾಲೆಯ ಕೊನೆಯ ವರ್ಷದ ಮಕ್ಕಳಿಗೆ ಆಗಷ್ಟೇ ಅಚ್ಚಾಗಿದ್ದ ಗಣಿತ ಪುಸ್ತಕದ ನಾಲ್ಕನೇ ಭಾಗದ ಪ್ರತಿಗಳು ಗೋಡೆಗೆ ಒರಗಿ ನಿಂತಿದ್ದವು. ಅವನ್ನು ನೆಲಕ್ಕೆ ಮಲಗಿಸಿ, ಮೇಲೆ ನಾಲ್ಕು ಕಂಪ್ಯೂಟರುಗಳನ್ನು ಹೇರಿ, ಬಾಗಿಲಿಗೆ ಬೀಗ ಜಡಿದು ಹೋದರು. ಒಂದು ಮಾತು ಹೇಳುವುದಕ್ಕೆ ರಿವರ್ಸಕ್ಕ ಒಳಗಿರಲಿಲ್ಲ, ಕೋಣೆಯಲ್ಲಿದ್ದ ಮೇಷ್ಟ್ರಿಗೆ ಅದು ಗೊತ್ತಾಗಲಿಲ್ಲ. ಒಳಗಿದ್ದ ವ್ಯವಸ್ಥಾಪಕರಿಗೆ ಅದು ತಲೆಗೇ ಹೋಗಲಿಲ್ಲ.

ವಿಚಾರಣೆ ಮುಗಿದು ಬೀಗ ತೆಗೆದ ದಿನ ಮೇಷ್ಟ್ರು ಒಂದು ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದರು. ಪುಟ ತಿರುಗಿಸಿದರು. ಮತ್ತೆ ತಿರುಗಿಸಿದರು. "ಇಲ್ಲೇನೂ ಇಲ್ವಲ್ಲಮ್ಮ" ಎಂದರು. ಕಳ್ಳತನ ಹಿಡಿಯಲು ಬಂದವರು ಮಕ್ಕಳ ಕೈಯಿಂದ ಇಡೀ ಪುಸ್ತಕವನ್ನೇ ಕಸಿದುಕೊಂಡು ಹೋಗಿದ್ದರು. ಇದಕ್ಕೆ ಯಾವ ತಪಾಸಣೆಯೂ ನಡೆಯಲಿಲ್ಲ, ಯಾರ ಮೇಲೂ ಮೊಹರು ಬೀಳಲಿಲ್ಲ.

ಸರಿಯಿದ್ದ ಮೂರು ಕಂಪ್ಯೂಟರುಗಳು ವಾಪಸಾದವು. ಅವುಗಳನ್ನು ಮತ್ತೆ ಹಳೆಯ ಸಿಸ್ಟಮ್ಮಿಗೆ ಇಳಿಸಬೇಕಾಯಿತು. ಅದಕ್ಕೆ ಬೇರೆ ಯಾರೂ ಸಿಗದ್ದರಿಂದ ರಿವರ್ಸಕ್ಕನನ್ನೂ ಕರೆಸಿಕೊಂಡರು. ಕ್ಷಮೆ ಕೇಳುವುದು ಹೋಗಲಿ, "ಇನ್ನು ಮುಂದೆ ಹುಷಾರಾಗಿರಿ" ಎಂದು ಬುದ್ಧಿ ಹೇಳಿದರು. ನಾಲ್ಕನೇ ಚುಕ್ಕಿ ಯಂತ್ರ ಮಾತ್ರ ಜೊತೆಗಾರನಿಲ್ಲದೆ ಮೂಲೆಗೆ ಬಿತ್ತು. ಕಾಗದದ ಎರಡೂ ಬದಿಗೆ ಒಟ್ಟಿಗೇ ಅಚ್ಚೊತ್ತುವುದು ಅದೊಂದೇ. ಉಳಿದ ಮೂರು ಬೇರೆ ತರಗತಿಗಳ ಪುಸ್ತಕಗಳಿಗೇ ಏದುಸಿರು ಬಿಡುತ್ತಿದ್ದವು, ಹಾಳಾದ ನಾಲ್ಕನೇ ಭಾಗವನ್ನು ಮತ್ತೆ ಅಚ್ಚು ಹಾಕುವುದು ಅವುಗಳಿಂದ ಆಗದ ಮಾತು. ಕಣ್ಣು ಕಾಣದ ಮಕ್ಕಳ ಹಾಸ್ಟೆಲಿಗೆ ಅದೃಷ್ಟಕ್ಕೆ ಮೊದಲೇ ಹೋಗಿದ್ದ ಒಂದೇ ಒಂದು ಪ್ರತಿಯನ್ನು ಅವರು ಸರದಿ ಹಾಕಿಕೊಂಡು ಓದುತ್ತಿದ್ದಾರೆ. ಬೆರಳು ತಾಗಿ ತಾಗಿ ಅದರ ಚುಕ್ಕಿಗಳೂ ಸವೆಯುತ್ತಿವೆ. ಪರೀಕ್ಷೆ ಹತ್ತಿರ ಬಂದಿದೆ.

ವ್ಯವಸ್ಥಾಪಕರು ಕಡೆಗೂ ಒಂದು ಹೊಸ ಕಂಪ್ಯೂಟರು ತರಿಸಿದರು. ಈ ಸಲ ರಿವರ್ಸಕ್ಕ ಪೆಟ್ಟಿಗೆ ಬಿಚ್ಚಿದ ಕೂಡಲೇ ಅದನ್ನು ಬೋರಲು ಹಾಕಿ ಚೀಟಿ ನೋಡಿದರು. ಹೋಮ್.

ಮೇಲೆ ಹೋಗಿ ಹೇಳಿದರು. ಇದಕ್ಕೆ ಹಳೆಯದನ್ನು ಹಾಕುವ ಹಕ್ಕಿಲ್ಲ, ಬದಲಾಯಿಸಿ ಕೊಡಿ ಎಂದರು. ವ್ಯವಸ್ಥಾಪಕರು ಕಡತದಿಂದ ತಲೆ ಎತ್ತಲಿಲ್ಲ. "ಬದಲಾಯಿಸೋದೆಲ್ಲ ಆಗಲ್ಲಮ್ಮ. ಹೇಗೋ ಹಾಕಿ ಮುಗಿಸು. ಯಾರು ನೋಡ್ತಾರೆ?"

"ಹೋದ ಸಲ ನೋಡಿದ್ರಲ್ಲ ಸಾರ್."

"ಆಗ ನೀನು ಫೋನಲ್ಲಿ ನಾಲ್ಕು ಅಂದಿದ್ದಕ್ಕೆ ಬಂದ್ರು. ಈ ಸಲ ಒಂದು ಅನ್ನು."

ಗೊತ್ತಿಲ್ಲದೆ ಮಾಡಿದ ಒಂದು ತಪ್ಪಿಗೆ ಇವರನ್ನು ಕಳ್ಳಿ ಎಂದು ಹೊರಗೆ ನಿಲ್ಲಿಸಿದವರು, ಈಗ ಗೊತ್ತಿದ್ದೂ ಕದಿ ಎನ್ನುತ್ತಿದ್ದರು. ನಾಳೆ ಸಿಕ್ಕಿಬಿದ್ದರೆ ಮತ್ತೆ "ಗುತ್ತಿಗೆಯವರು, ಅವರಷ್ಟಕ್ಕೆ ಅವರು" ಎನ್ನುವ ಮಾತು ಆ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ರಿವರ್ಸಕ್ಕ ಆಗಲ್ಲ ಎಂದು ಹೇಳಿ ಕೆಳಗಿಳಿದರು. ಇಳಿದ ಮೇಲೆ ಮೂಲೆಯ ಯಂತ್ರ ಕಣ್ಣಿಗೆ ಬಿತ್ತು. "ಆವತ್ತು ನನಗೆ ನನ್ನ ಮೇಲೇ ಸಿಟ್ಟು ಬಂತು" ಎನ್ನುತ್ತಾರೆ. "ನಾನು ಜಂಬ ಮಾಡ್ತಿದೀನಾ, ಮಕ್ಕಳಿಗೆ ಪುಸ್ತಕ ಇಲ್ದೆ ನನ್ನ ನಿಜ ಕಟ್ಕೊಂಡು ಏನ್ಮಾಡ್ಲಿ ಅನ್ನಿಸ್ತು. ಸಿಡಿ ಕೈಗೆ ತಗೊಂಡಿದ್ದೆ. ಹಾಕಿಬಿಡ್ತಿದ್ನೋ ಏನೋ."

ಹಾಕದಂತೆ ಮಾಡಿದ್ದು ಅವರಿಗೆ ಆ ಗಳಿಗೆಯಲ್ಲಿ ಹೊಳೆದ ಒಂದು ಸಂಗತಿ. ವ್ಯವಸ್ಥಾಪಕರ ಮೇಜಿನ ಮೇಲಿರುವ ಕಂಪ್ಯೂಟರು ಪ್ರೊಫೆಷನಲ್. ಅದನ್ನು ಜೋಡಿಸಿದವರು ಇವರೇ. ಅದರಲ್ಲಿ ನಡೆಯುವುದು ಪತ್ರ ಓದುವುದು ಮತ್ತು ಮಧ್ಯಾಹ್ನದ ಹೊತ್ತು ಇಸ್ಪೀಟು, ಎರಡಕ್ಕೂ ಹೋಮ್ ಧಾರಾಳವಾಗಿ ಸಾಕು. ಹೊಸದನ್ನು ನೀವು ಇಟ್ಟುಕೊಂಡು ನಿಮ್ಮದನ್ನು ಕೆಳಗೆ ಕೊಡಿ ಎಂದು ಕೇಳಿದಾಗ ವ್ಯವಸ್ಥಾಪಕರ ಮುಖ ಕೆಂಪಾಯಿತು. "ನನ್ನ ಟೇಬಲ್ ಮೇಲಿಂದೇ ಕೇಳೋ ಮಟ್ಟಕ್ಕೆ ಬಂದ್ಯಾ?" ಎಂದರು. ಯಂತ್ರ ಮೂಲೆಯಲ್ಲಿ ಬಿದ್ದಿದ್ದರೂ ಪರವಾಗಿಲ್ಲ, ಸಾಹೇಬರ ಮೇಜಿನ ಮರ್ಯಾದೆ ಕದಲಬಾರದು.

ಮೊನ್ನೆ ಮೇಷ್ಟ್ರು ಕೋಲು ಹಿಡಿದು, ಹಾಳಾದ ನಾಲ್ಕನೇ ಭಾಗದ ಒಂದು ಪ್ರತಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮಹಡಿ ಹತ್ತಿದರು. ರಿವರ್ಸಕ್ಕ ಹಿಂದೆಯೇ ಹೋದರು. ಮೇಷ್ಟ್ರು ಪುಸ್ತಕವನ್ನು ವ್ಯವಸ್ಥಾಪಕರ ಮುಂದೆ ಬಿಡಿಸಿಟ್ಟರು.

"ಸ್ವಲ್ಪ ಓದಿ ಸಾರ್."

"ನನಗೆಲ್ಲಿ ಬ್ರೈಲ್ ಬರುತ್ತೆ ಮೇಷ್ಟ್ರೇ?"

"ನನಗೆ ಬರುತ್ತೆ ಸಾರ್. ನನಗೂ ಓದೋಕಾಗ್ತಿಲ್ಲ."

ಮೇಷ್ಟ್ರು ಕುರ್ಚಿ ತಡಕಿ ಎಳೆದುಕೊಂಡು ಎದುರಿಗೇ ಕುಳಿತರು, ಏಳುವ ಲಕ್ಷಣ ಕಾಣಲಿಲ್ಲ. ಸಂಜೆ ಹೊತ್ತಿಗೆ ಸಾಹೇಬರ ಕಂಪ್ಯೂಟರು ಮೆಟ್ಟಿಲಿಳಿಯಿತು. ಅದನ್ನು ಎದೆಗವಚಿಕೊಂಡು ಇಳಿಸಿದವರು ರಿವರ್ಸಕ್ಕನೇ.

ಈ ಬೆಳಿಗ್ಗೆ ಪರದೆ ಬೆಳಗುತ್ತಿರುವುದು ಅದೇ ಕಂಪ್ಯೂಟರಿನದು. ಸಂಗೀತ ತಟ್ಟನೆ ನಿಲ್ಲುತ್ತದೆ. ಆಚೆಯಿಂದ ನಿದ್ದೆಗಣ್ಣಿನ ಒಬ್ಬ ತರುಣನ ದನಿ ಬರುತ್ತದೆ. ರಿವರ್ಸಕ್ಕ ಎಲ್ಲವನ್ನೂ ಮೊದಲಿನಿಂದ ಹೇಳುತ್ತಾರೆ: ಪ್ರೊಫೆಷನಲ್ ಕಂಪ್ಯೂಟರು, ಡೌನ್‌ಗ್ರೇಡ್ ಹಕ್ಕು, ಒಂದೇ ಸಿಡಿ, ಇದು ನಾಲ್ಕನೆಯದು. ಆಚೆ ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು.

"ನಾಲ್ಕಾ ಮೇಡಂ? ಒಂದು ಅಂತ ಒತ್ತಿದ್ರೆ ಆಗ್ಲೇ ಮುಗೀತಿತ್ತಲ್ಲ."

"ಮುಗೀತಿತ್ತಪ್ಪ. ಆದ್ರೆ ಇರೋದು ನಾಲ್ಕು."

ಅವನು ನಗುವುದು ಕೇಳಿಸುತ್ತದೆ. ಆಮೇಲೆ ಅಂಕಿಗಳನ್ನು ಹೇಳತೊಡಗುತ್ತಾನೆ. ರಿವರ್ಸಕ್ಕ ಒಂದೊಂದನ್ನೂ ಮರುನುಡಿದು ಒತ್ತುತ್ತಾರೆ. ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಬೆಳಗಿ, ಒಪ್ಪಿಕೊಂಡೆ ಎನ್ನುತ್ತದೆ. ಅವರು ತಂತಿ ಸಿಕ್ಕಿಸಿ, ಅಂಚಿನಲ್ಲಿ ತೂತುಗಳಿರುವ ದಪ್ಪ ಕಾಗದವನ್ನು ಹಲ್ಲುಗಳಿಗೆ ಕೂರಿಸಿ, ಗೂಡಿನ ಬಾಗಿಲು ಹಾಕುತ್ತಾರೆ. ಮೇಷ್ಟ್ರ ಕೈ ಇನ್ನೂ ಗೂಡಿನ ಮೇಲೇ ಇದೆ. ಒಳಗೆ ಯಂತ್ರ ಗಡಗಡಿಸಿದಾಗಲೂ ಅವರು ಅದನ್ನು ತೆಗೆಯುವುದಿಲ್ಲ.

ಮೊದಲ ಪುಟ ಹೊರಬಂದ ಕೂಡಲೇ ಮೇಷ್ಟ್ರು ಅದನ್ನು ಹರಿದುಕೊಂಡು ತೊಡೆಯ ಮೇಲೆ ಹರಡುತ್ತಾರೆ. ಎರಡು ತೋರುಬೆರಳುಗಳು ಸಾಲಿನಿಂದ ಸಾಲಿಗೆ ಹರಿಯುತ್ತವೆ. "ಗಣಿತ, ನಾಲ್ಕನೇ ಭಾಗ" ಎಂದು ಗಟ್ಟಿಯಾಗಿ ಓದುತ್ತಾರೆ. ಮುಂದೆ ಓದದೆ ಅದೇ ಸಾಲಿಗೆ ಮತ್ತೊಮ್ಮೆ ಬೆರಳಿಡುತ್ತಾರೆ.

ನಿಮಗೇನು ಬೇಕು ಎಂದು ಕೇಳಿದರೆ ರಿವರ್ಸಕ್ಕ ಸಿಡಿಯನ್ನು ಸೆರಗಿನಿಂದ ಒರೆಸಿ ಡಬ್ಬಿಗೆ ಹಾಕುತ್ತ ಯೋಚಿಸುತ್ತಾರೆ. ಕೆಲಸ ಕಾಯಂ ಆಗಲಿ ಎನ್ನುವುದಿಲ್ಲ, ಕಳ್ಳಿ ಎಂದವರು ಬಂದು ಕ್ಷಮೆ ಕೇಳಲಿ ಎನ್ನುವುದೂ ಇಲ್ಲ.

"ಆ ಫೋನಲ್ಲಿ ಇನ್ನೊಂದು ನಂಬರ್ ಇಟ್ರೆ ಸಾಕು. 'ಹಕ್ಕಿದ್ದೇ ಹಾಕ್ತಾ ಇರೋರು ಇದನ್ನ ಒತ್ತಿ' ಅಂತ. ನಿಜ ಹೇಳೋರಿಗೂ ಒಂದು ಗುಂಡಿ ಬೇಡ್ವಾ?" ಎನ್ನುತ್ತಾರೆ. ಯಂತ್ರದ ಗದ್ದಲಕ್ಕೆ ಮಾತು ಮುಚ್ಚಿಹೋಗುತ್ತದೆಂದು ದನಿ ಏರಿಸುತ್ತಾರೆ. "ಇಡೋ ತನಕ ಕಾಯ್ತೀನಿ ಬಿಡಿ. ಎಷ್ಟು ಅಂತ ಕೇಳಿದ್ರೆ ನಾನಂತೂ ಇರೋದನ್ನೇ ಹೇಳೋದು."